ಅರಬ್ಬಿ ಸಮುದ್ರಕ್ಕೆ ಒತ್ತೆಯಿಟ್ಟ ಮೀಸೆ

ಸೆಪ್ಟೆಂಬರ್ ೨೪

ಬಿಪಿ ೧೬೪/೧೦೨.

ಬೆಳಗಾವಿ ಕ್ಯಾಂಪಿನ ಡಾಕ್ಟರು ನನಗೊಂದು ಶಿಕ್ಷೆ ಕೊಟ್ಟಿದ್ದಾರೆ. ದಿನಾ ಬಿಪಿ ನೋಡಿ ಬರೆದಿಡಬೇಕಂತೆ. ಅದರ ಕೆಳಗೆ ಆ ದಿನ ತಲೆ ಕೆಡಿಸಿದ ಸಂಗತಿ ಯಾವುದು ಎಂದೂ ಬರೆಯಬೇಕಂತೆ. "ಯಾರಿಗೂ ತೋರಸಬ್ಯಾಡ್ರಿ, ನಿಮ್ಮ ಸಿಟ್ಟು ನಿಮಗ ಕಂಡ್ರ ಸಾಕು" ಎಂದರು. ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫೋರ್ಮನ್ ಆಗಿ, ಹುಡುಗರ ಬೆರಳು ಲೇತಿಗೆ ಸಿಗದಂತೆ ಕಾಯ್ದ ಗುರುಸಿದ್ದ ಎಂಬ ನಾನು ಐವತ್ತಾರನೆಯ ವಯಸ್ಸಿನಲ್ಲಿ ಕಾಪಿ ಬರೆಯಲು ಕುಳಿತಿದ್ದೇನೆ. ನನಗೆ ಸಿಟ್ಟೇ ಬರುವುದಿಲ್ಲ. ಜನ ಬರಿಸುತ್ತಾರೆ.

ಇಂದಿನ ಸಂಗತಿ ರೂಪಾಲಿ ಮೇಡಂ. ಖಾನಾಪುರದವಳು, ಪಾಠ ಮಾಡಲು ಬಂದು ಎರಡು ವರ್ಷವೂ ಆಗಿಲ್ಲ. ಪ್ರಿನ್ಸಿಪಾಲರು ನನ್ನನ್ನು ಒಂದು ಮಾತೂ ಕೇಳದೆ ಕಿಟಕಿ ಪಕ್ಕದ ನನ್ನ ಡ್ರಿಲ್ಲಿಂಗ್ ಮಷೀನನ್ನು ಮೂಲೆಗೆ ತಳ್ಳಿಸಿ ಆ ಜಾಗ ಆಕೆಗೆ ಕೊಟ್ಟರು. ಅಲ್ಲಿ ಈಗ ಬಿಳಿ ಫೈಬರಿನ ನಾಲ್ಕಡಿ ಉದ್ದದ ಒಂದು ಡಬ್ಬಿ ಬಿದ್ದಿದೆ.

"ಇದೇನ್ರಿ ಮೇಡಮ್ಮರ?" ಎಂದೆ.

"ದೋಣಿ, ಕಾಕಾ. ಒಳಗ ಯಾರೂ ಕುಂದರೂದಿಲ್ಲ. ತಾನ ಗಾಳಿ ನೋಡಕೊಂಡು, ತಾನ ಹಾಯಿ ಹೊಳ್ಳಿಸಿಕೊಂಡು, ಕಾರವಾರದಿಂದ ಒಮಾನಕ್ಕ ಹೋಗತೈತಿ."

"ಇಂಜಿನ್ನು?"

"ಇಲ್ರಿ. ಗಾಳಿ ಅಷ್ಟ. ಚುಕ್ಕಾಣಿ ತಿರುವಾಕ ಒಂದೀಟು ಸೋಲಾರ್ ಕರೆಂಟು."

ಬೆಳಗಾವಿಯಲ್ಲಿ ಸಮುದ್ರವಿಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿದಂತೆ ಕಾಣಲಿಲ್ಲ. ನಾನೇ ಹೇಳಿದೆ. ಆಕೆ ನಕ್ಕು, ಬೋಲ್ಟು ಬಿಗಿಯಲು ಹತ್ತು ನಂಬರಿನ ಪಾನಾ ಕೊಡಿ ಎಂದಳು. ಕೊಟ್ಟೆ. ಪಾನಾ ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ.

ಅಕ್ಟೋಬರ್ ೩

ಬಿಪಿ ೧೭೦/೧೦೪. ತಪ್ಪು ನನ್ನದಲ್ಲ, ಸಮದನದು.

ಸಮದ ಕ್ಯಾಂಪಿನಲ್ಲಿ ಜೀಪಿನ ಹುಡ್ಡು, ಸ್ಕೂಟರಿನ ಸೀಟು, ಪೆಂಡಾಲಿನ ಬಟ್ಟೆ ಹೊಲಿಯುವವನು. ನಮ್ಮದು ಇಪ್ಪತ್ತೆರಡು ವರ್ಷದ ದೋಸ್ತಿ, ಅದರಲ್ಲಿ ಇಪ್ಪತ್ತೊಂದು ವರ್ಷ ಜಗಳ. ಡಬ್ಬಿಯ ಹಾಯಿ ಹೊಲಿಯುವ ಕೆಲಸವನ್ನು ರೂಪಾಲಿ ಮೇಡಂ ಇವನಿಗೆ ಒಪ್ಪಿಸಿದ್ದಾಳೆ. ಅಂದಿನಿಂದ ಇವನು ನೆಲದ ಮೇಲೆ ನಡೆಯುತ್ತಿಲ್ಲ. ಇಂದು ಕ್ಯಾಂಟೀನಿನಲ್ಲಿ ಎಲ್ಲರ ಎದುರು ಶುರು ಹಚ್ಚಿಕೊಂಡ.

"ನನ್ನ ಹೊಲಿಗಿ ಐತಿ ಅದಕ್ಕ. ಒಮಾನ ಏನ್ ಹಚ್ಚೀರಿ, ಆ ಹಾಯಿ ನೋಡಿ ಗಾಳೀನ ನಿಂತು ಸಲಾಮ್ ಹೊಡೀತೈತಿ."

ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಲೇ ಸಮದ್ಯಾ, ಫೆಬ್ರವರಿ ಮುಗಿಯೂದ್ರಾಗ ಆ ಡಬ್ಬಿ ಒಮಾನದ ದಂಡಿ ಮುಟ್ಟಿದ್ರ ನಾ ಮೀಸಿ ಬೋಳಸ್ತೀನಿ!"

ಮಿರ್ಚಿ ಭಜಿ ಕರಿಯುವವನು ಜಾಲರಿ ಸೌಟು ಎತ್ತಿ ಹಿಡಿದು ಹಾಗೆಯೇ ನಿಂತ. ಯಾಕೆಂದರೆ ನನ್ನ ಮೀಸೆ ಎಂದರೆ ಸುಮ್ಮನೆ ಮೀಸೆಯಲ್ಲ. ಮೂವತ್ತನಾಲ್ಕು ವರ್ಷದ್ದು. ಎರಡೂ ತುದಿ ಮೇಲಕ್ಕೆ ತಿರುವಿದ್ದು. ವಾರಕ್ಕೊಮ್ಮೆ ಔಡಲೆಣ್ಣೆ ಕುಡಿಯುತ್ತದೆ. ಗಣರಾಜ್ಯೋತ್ಸವದ ಫೋಟೋದಲ್ಲಿ ಪ್ರಿನ್ಸಿಪಾಲರು ನನ್ನನ್ನು ಮುಂದಿನ ಸಾಲಿಗೆ ಕರೆಯುವುದು ನನ್ನ ಮುಖಕ್ಕಾಗಿ ಅಲ್ಲ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನನ್ನ ಹೆಂಡತಿ ಮಾಯಕ್ಕ ನನ್ನ ಮೇಲ್ದುಟಿಯನ್ನು ನೋಡಿಲ್ಲ.

"ಎಲ್ಲಾರೂ ಕೇಳಿದ್ರಿಲ್ಲ?" ಎಂದ ಸಮದ.

"ಮತ್ತ ನೀ ಏನ ಒತ್ತಿ ಇಡ್ತಿ?"

"ನಾ ಯಾಕ ಇಡ್ಲಿ? ಬಾಯಿ ಬಿಟ್ಟಾಂವ ನೀ."

ಚಿಂತೆಯಿಲ್ಲ. ಚಳಿಗಾಲದಲ್ಲಿ ಗಾಳಿ ನೆಲದಿಂದ ಸಮುದ್ರದ ಕಡೆಗೆ ಬೀಸುತ್ತದಂತೆ, ಫೆಬ್ರವರಿ ದಾಟಿದರೆ ತಿರುಗುತ್ತದಂತೆ. ಅಷ್ಟರಲ್ಲಿ ಆ ಡಬ್ಬಿಯನ್ನು ಮೀನು ನುಂಗಿರುತ್ತದೆ.

ಅಕ್ಟೋಬರ್ ೨೦

ಬಿಪಿ ೧೬೦/೧೦೦.

ಡಬ್ಬಿಯ ಪರೀಕ್ಷೆಗೆಂದು ಖಾನಾಪುರಕ್ಕೆ ಹೋಗಬೇಕಾಯಿತು. ಟೆಂಪೋದಲ್ಲಿ ಅದನ್ನು ಹಿಡಿದುಕೊಳ್ಳಲು ಸಮದನ ಜೊತೆ ಇನ್ನೊಬ್ಬರು ಬೇಕಿತ್ತು, ಅಷ್ಟೇ. ಡಬ್ಬಿಯ ತಳಕ್ಕೆ ಕಟ್ಟುವ ಕಬ್ಬಿಣದ ಗುಂಡು ಇನ್ನೂ ಎರಕವಾಗಿರಲಿಲ್ಲ. ಅದಿಲ್ಲದಿದ್ದರೆ ಡಬ್ಬಿ ಮಗುಚಿ ಬೀಳುತ್ತದೆ. ರೂಪಾಲಿ ಮೇಡಂ ತನ್ನ ಮನೆಯ ಹಿತ್ತಲಿನಿಂದ ನಾಲ್ಕು ಖಾನಾಪುರ ಹೆಂಚು ತಂದು ಅಡಿಗೆ ಬಿಗಿದಳು. ಸಮುದ್ರಕ್ಕೆ ಹೋಗುವ ಯಂತ್ರಕ್ಕೆ ಮನೆಯ ಹೆಂಚು! ನಾನು ಆಚೆ ಮುಖ ಮಾಡಿ ನಿಂತೆ.

ಮಲಪ್ರಭೆಯ ದಂಡೆಗೆ ಬಂದಾಗ ಆಕೆಯ ತಾಯಿ ತಟ್ಟೆ ಹಿಡಿದು ಕಾಯುತ್ತಿದ್ದರು. ಮನೆಯಿಂದ ಹೊರಟವಳಿಗೆ ಉಡಿ ತುಂಬದೆ ಕಳಿಸುವುದುಂಟೇ ಎಂದು ಡಬ್ಬಿಯ ಮೇಲೆ ಅಕ್ಕಿ, ಅರಿಶಿನ ಕೊಂಬು, ತೆಂಗಿನಕಾಯಿ, ಖಣ ಎಲ್ಲ ಇಟ್ಟರು. "ಸಾಂಭಾಳೂನ ಜಾ ಗ ಬಾಯಿ", ಜೋಪಾನವಾಗಿ ಹೋಗು ತಾಯಿ, ಎಂದು ಮರಾಠಿಯಲ್ಲಿ ಹೇಳಿ ಅದರ ಗಲ್ಲ ಸವರಿದರು. ಗಲ್ಲ ಯಾವುದು ಎಂದು ಅವರಿಗೆ ಹೇಗೆ ಗೊತ್ತಾಯಿತೋ. ಕಾಯಿಯ ಭಾರಕ್ಕೆ ಡಬ್ಬಿ ಒಂದು ಮಗ್ಗುಲಿಗೆ ವಾಲಿತು. ಮೇಡಂ ತಾಯಿಗೆ ಬೆನ್ನು ಮಾಡಿ ಕಾಯಿಯನ್ನು ಸಮದನ ಚೀಲಕ್ಕೆ ಸೇರಿಸಿದಳು.

ಬಿಟ್ಟ ಮೇಲೆ ಡಬ್ಬಿ ನೆಟ್ಟಗೆ ಒಂದು ಎಮ್ಮೆಯ ಕಡೆಗೆ ಹೊರಟಿತು. ನೀರಲ್ಲಿ ಮಲಗಿದ್ದ ಎಮ್ಮೆ ಏಳಲಿಲ್ಲ. ನಾನು "ಹೋತ್, ಹೋತ್" ಎನ್ನುವಷ್ಟರಲ್ಲಿ ಡಬ್ಬಿಯ ಹಾಯಿ ತಾನಾಗಿಯೇ ಪಟ್ಟನೆ ಆ ಕಡೆಯಿಂದ ಈ ಕಡೆಗೆ ಬಿತ್ತು. ಡಬ್ಬಿ ಎಮ್ಮೆಯನ್ನು ಸುತ್ತು ಹಾಕಿ ಆಚೆ ದಂಡೆ ಮುಟ್ಟಿ, ಮತ್ತೆ ಹೊರಳಿ ನಮ್ಮ ಬಳಿ ಬಂತು. ಸಮದ ಕುಣಿದಾಡಿದ. ಎದುರಿಗೆ ಎಮ್ಮೆ ಸಿಕ್ಕಿತು, ಡಬ್ಬಿ ತಿರುಗಿದ್ದು ಆಕಸ್ಮಿಕ. ಅಷ್ಟಕ್ಕೆ ಕುಣಿಯುವುದೇನಿದೆ?

ನವೆಂಬರ್ ೧೪

ಬಿಪಿ ೧೫೨/೯೬.

ಹೊರಗಿನಿಂದ ಎರಕವಾಗಿ ಬಂದ ಗುಂಡನ್ನು ನೋಡಿದೆ. ಮೈತುಂಬ ತೂತು. ಅದನ್ನು ಕಟ್ಟಿ ಕಳಿಸಿದರೆ ನಾಳೆ ಒಮಾನದವರು ಬೆಳಗಾವಿಯ ವರ್ಕ್‌ಶಾಪುಗಳ ಬಗ್ಗೆ ಏನಂದುಕೊಂಡಾರು? ಅಲ್ಲಿಗೆ ಅದು ಹೋಗುವುದಿಲ್ಲ, ಆ ಮಾತು ಬೇರೆ. ನಾನೇ ಅಚ್ಚು ಮಾಡಿ, ಉದ್ಯಮಬಾಗಿನ ಫೌಂಡ್ರಿಯಲ್ಲಿ ನಿಂತು ಎರಕ ಹೊಯ್ಯಿಸಿ, ಮೂರು ದಿನ ಲೇತಿನ ಮೇಲೆ ತಿರುವಿ, ಪಾಲಿಶ್ ಮಾಡಿದೆ. ಮುಖ ನೋಡಿಕೊಂಡು ಮೀಸೆ ತಿರುವಿಕೊಳ್ಳುವಷ್ಟು ಹೊಳಪು ಬಂತು.

"ಕಾಕಾ, ನೀರಿನ ಅಡಿಗೆ ಹೋಗೂದಕ್ಕ ಇಷ್ಟು ಪಾಲಿಶ್ ಯಾಕ್ರಿ?" ಎಂದಳು ರೂಪಾಲಿ ಮೇಡಂ.

"ಮೀನಾ ನೋಡ್ತಾವಲ್ರಿ" ಎಂದೆ.

ಡಿಸೆಂಬರ್ ೮

ಕಾಲೇಜಿನ ಮೈದಾನದಲ್ಲಿ ರೂಪಾಲಿ ಮೇಡಂ ಮತ್ತು ಸಮದ ಡಬ್ಬಿಯನ್ನು ಆಚೆ ಈಚೆ ಹಿಡಿದು ಗಿರಗಿರ ತಿರುಗಿಸುತ್ತಿದ್ದರು. ಅದರೊಳಗೆ ಒಂದು ಸಣ್ಣ ದಿಕ್ಸೂಚಿ ಇದೆಯಂತೆ, ಉತ್ತರ ಯಾವ ಕಡೆ ಎಂದು ಅದಕ್ಕೆ ಹೀಗೆ ಕಲಿಸಬೇಕಂತೆ. ಸಮದನಿಗೆ ತಲೆ ತಿರುಗಿ ವಾಲಿಬಾಲ್ ಕಂಬ ಹಿಡಿದು ಕುಳಿತ. ಇವತ್ತಿಗೆ ಬಿಪಿ ತಾನಾಗಿಯೇ ಇಳಿದಿರಬೇಕು.

ಡಿಸೆಂಬರ್ ೧೦

ಬಿಪಿ ೧೪೮/೯೪.

ಡಬ್ಬಿಯ ಮುಚ್ಚಳ ಹಾಕಿ ಸುತ್ತ ಅಂಟು ಬಳಿಯುವ ಕೆಲಸ ನನ್ನದಾಗಿತ್ತು. ಮೇಡಂ ಒಳಗೆಲ್ಲ ಟಾರ್ಚು ಬಿಟ್ಟು ನೋಡಿ, ಸರಿ ಇದೆ ಎಂದು ಸಹಿ ಹಾಕಿ ಪಾಠಕ್ಕೆ ಹೋದಳು. ನಾನೊಬ್ಬನೇ ಉಳಿದೆ.

ಮೂವತ್ತು ವರ್ಷದಲ್ಲಿ ನನ್ನ ವರ್ಕ್‌ಶಾಪಿನಿಂದ ಒಂದು ಬಾಗಿಲಿನ ಚಿಲಕವೂ ದೇವರಿಲ್ಲದೆ ಹೊರಗೆ ಹೋಗಿಲ್ಲ. ಕುಂಕುಮ ಹಚ್ಚೋಣವೆಂದರೆ ಸೋಲಾರ್ ಪ್ಲೇಟಿನ ಮೇಲೆ ಒಂದು ಚುಕ್ಕೆಯೂ ಕೂಡದು ಎಂದು ಮೇಡಂ ಬೋರ್ಡೇ ಬರೆದಿದ್ದಾಳೆ. ಆದ್ದರಿಂದ ನನ್ನ ಸ್ಕೂಟರಿನ ಮೀಟರಿನ ಮೇಲೆ ಒಂಬತ್ತು ವರ್ಷ ಕುಳಿತಿದ್ದ ಪುಟ್ಟ ಮಾರುತಿಯನ್ನು ಕಿತ್ತು ತಂದೆ. ಡಬ್ಬಿಯೊಳಗೆ ಒಂದು ಕಬ್ಬಿಣದ ಪಟ್ಟಿ ಇದೆ. ಅದರ ಹತ್ತಿರ ಒಯ್ದದ್ದೇ ತಡ, ಮಾರುತಿ ನನ್ನ ಕೈಯಿಂದ ಹಾರಿ ಟಕ್ಕೆಂದು ಕುಳಿತ. ಅವನಿಗೂ ಮನಸ್ಸಿತ್ತು ಎಂದಾಯಿತು. ಸಮುದ್ರ ದಾಟಿ ಅಭ್ಯಾಸವಿರುವ ದೇವರು ಬೇರೆ ಯಾರಿದ್ದಾರೆ?

ಡಬ್ಬಿ ಗೆಲ್ಲಲಿ ಎಂದು ಇಟ್ಟದ್ದಲ್ಲ. ಪದ್ಧತಿ ಎಂದು ಇಟ್ಟದ್ದು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ.

ಡಿಸೆಂಬರ್ ೧೨

ಕಾರವಾರದಲ್ಲಿ ಡಬ್ಬಿಯನ್ನು ಮೀನುಗಾರರ ದೋಣಿಯಲ್ಲಿ ಒಯ್ದು, ದಂಡೆ ಕಾಣದಷ್ಟು ದೂರದಲ್ಲಿ ಸಮುದ್ರಕ್ಕೆ ಬಿಟ್ಟರು. ನಾನು ಹೋಗಲಿಲ್ಲ, ಹೋಗಲು ನನಗೇನು ಹುಚ್ಚೇ? ಸಮದ ವಿಡಿಯೋ ಕಳಿಸಿದ. ಹನ್ನೊಂದು ಸಲ ನೋಡಿದೆ. ಗುಂಡಿನ ಹೊಳಪು ಒಂದು ಕ್ಷಣ ಕಾಣುತ್ತದೆ, ಆಮೇಲೆ ನೀರು.

ಡಿಸೆಂಬರ್ ೧೬

ಬಿಪಿ ೧೪೬/೯೨.

ಡಬ್ಬಿ ನಾಲ್ಕು ಗಂಟೆಗೊಮ್ಮೆ ಉಪಗ್ರಹದ ಮೂಲಕ ತಾನಿರುವ ಜಾಗ ಹೇಳುತ್ತದೆ. ಮೇಡಮ್ಮಿನ ಕಂಪ್ಯೂಟರಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಬೀಳುತ್ತದೆ. ಪಶ್ಚಿಮಕ್ಕೆ ಹೋಗಬೇಕಿದ್ದ ಚುಕ್ಕೆ ದಕ್ಷಿಣಕ್ಕೆ ಹೋಗುತ್ತಿದೆ. ನಿನ್ನೆ ಹೊನ್ನಾವರದ ಎದುರು ಇತ್ತು, ಇಂದು ಭಟ್ಕಳದ ಎದುರು. ದಂಡೆಗುಂಟ ಬಸ್ ಹಿಡಿದವರಂತೆ ನಿಲ್ದಾಣ ನಿಲ್ದಾಣ ನೋಡುತ್ತ ಹೊರಟಿದೆ.

ಎರಡು ಪ್ಲೇಟು ಭಜಿ ತಿಂದೆ. ಸಮದನ ಎದುರು ಕುಳಿತು ಮೀಸೆಗೆ ಬಾಚಣಿಗೆ ಹಾಕಿದೆ.

ಡಿಸೆಂಬರ್ ೨೦

ಬೆಳಿಗ್ಗೆ ಮಾಯಕ್ಕ ಸ್ಕೂಟರಿನ ಹಿಂದೆ ಕೂರಲು ಬಂದವಳು ಮೀಟರಿನ ಕಡೆ ನೋಡಿದಳು.

"ಮಾರುತಿ ಎಲ್ಲಿ?"

"ಬಿತ್ತು."

"ಒಂಬತ್ತು ವರ್ಷ ಪೀರನವಾಡಿ ರಸ್ತಾದ ತಗ್ಗಿನ್ಯಾಗ ಬೀಳದಾಂವ ಈಗ ಬಿದ್ನ್ಯಾ?"

ನಾನು ಕಿಕ್ ಹೊಡೆದೆ. ಗಾಡಿಯೂ ಮೊದಲ ಕಿಕ್‌ಗೆ ಶುರುವಾಗಲಿಲ್ಲ.

ಡಿಸೆಂಬರ್ ೨೧

ಚುಕ್ಕೆ ಮಂಗಳೂರಿನ ಎದುರು ಇದೆ.

ರೂಪಾಲಿ ಮೇಡಂ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ. ಬುತ್ತಿ ಕಟ್ಟಿ ತಂದ ರೊಟ್ಟಿ ಹಾಗೆಯೇ ವಾಪಸು ಹೋಗುತ್ತಿದೆ. ಇಂದು ಕಿಟಕಿಯ ಬಳಿ ಕುಳಿತು, ನನ್ನೊಂದಿಗೋ ತನ್ನೊಂದಿಗೋ ತಿಳಿಯದಂತೆ ಹೇಳಿದಳು:

"ದೋಣಿ ಐತೆಲ್ಲ, ಆಕಿಗೆ ಉತ್ತರ ಯಾವ ಕಡೆ ಅನ್ನೂದ ತಪ್ಪಾಕತ್ತೈತಿ, ಕಾಕಾ. ಬಾಜೂಕ ದೊಡ್ಡ ಅಯಸ್ಕಾಂತ ಇಟ್ರ ಹಿಂಗ ಆಗತೈತಿ. ಆದ್ರ ಒಳಗ ಅಂಥಾದ್ದೇನೂ ಇಲ್ಲ. ನಾನ ಎಲ್ಲಾ ನೋಡಿ ಸಹಿ ಹಾಕೇನಿ. ತಪ್ಪು ಎಲ್ಲಾ ನಂದ ಇರಬೇಕು."

ನನ್ನ ಕೈಯಲ್ಲಿದ್ದ ಅರ ನೆಲಕ್ಕೆ ಬಿತ್ತು.

ಮಾರುತಿಯ ಅಡಿಗೆ ಇರುವುದು ಅಯಸ್ಕಾಂತ. ಅದಿಲ್ಲದೆ ಒಂಬತ್ತು ವರ್ಷ ಸ್ಕೂಟರಿನ ಮೇಲೆ ನಿಲ್ಲುತ್ತಿದ್ದನೇ ಅವನು?

ಡಿಸೆಂಬರ್ ೨೨

ಬಿಪಿ ನೋಡಲಿಲ್ಲ. ನೋಡುವ ಧೈರ್ಯವಿಲ್ಲ.

ನಾನು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಡಬ್ಬಿ ಎಲ್ಲೋ ಮುಳುಗುತ್ತದೆ, ಮಾರುತಿಯೂ ಜೊತೆಗೆ ಹೋಗುತ್ತಾನೆ, ನನ್ನ ಮೀಸೆ ಉಳಿಯುತ್ತದೆ. ಬಾಯಿ ಬಿಟ್ಟರೆ, ಮೀಸೆ ಉಳಿಸಿಕೊಳ್ಳಲು ಗುರುಸಿದ್ದನೇ ಬೇಕೆಂದು ಅಯಸ್ಕಾಂತ ಇಟ್ಟ ಎಂದು ಇಡೀ ಕಾಲೇಜು ಆಡಿಕೊಳ್ಳುತ್ತದೆ. ಸಮದನಂತೂ ಕ್ಯಾಂಪಿನಲ್ಲಿ ಡಂಗುರ ಸಾರುತ್ತಾನೆ.

ಕೊನೆಗೆ ಮಾಯಕ್ಕನಿಗೆ ಹೇಳಿದೆ. ಆಕೆ ಸೊಪ್ಪು ಸೋಸುತ್ತಿದ್ದಳು. ಪೂರ್ತಿ ಕೇಳಿದಳು. ಡಬ್ಬಿ ಯಾವ ಕಡೆ ಹೊರಟಿದೆ ಎಂದಳು. ದಕ್ಷಿಣಕ್ಕೆ ಎಂದೆ.

"ಮತ್ತ ಅಂವಗ ಗೊತ್ತಿರೂದ ಒಂದ ದಾರಿ. ಲಂಕಾಕ್ಕ ಹೊಂಟಾನ."

ಹೇಳಿ ತಾನೇ ನಕ್ಕು ನಕ್ಕು ಸೊಪ್ಪಿನ ಬುಟ್ಟಿ ಉರುಳಿಸಿದಳು. ನನಗೆ ನಗು ಬರಲಿಲ್ಲ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು, "ಆ ಹುಡುಗಿ ತಪ್ಪು ತನ್ನದ ಅಂತ ತಿಳಕೊಂಡು ಕುಂತಾಳಲ್ರಿ" ಎಂದಳು. ಅದನ್ನೇ ನಾನು ಹಗಲೆಲ್ಲ ಯೋಚಿಸದಂತೆ ನೋಡಿಕೊಂಡಿದ್ದೆ.

ಡಿಸೆಂಬರ್ ೨೩

ಹೇಳಿದೆ. ಸಮದನೂ ಅಲ್ಲೇ ಇದ್ದ.

ರೂಪಾಲಿ ಮೇಡಂ ಎದ್ದು ಹೊರಗೆ ಹೋದಳು. ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದಳು. ಬೈಯಲಿ, ಪ್ರಿನ್ಸಿಪಾಲರಿಗೆ ದೂರು ಕೊಡಲಿ ಎಂದು ಕಾದು ನಿಂತೆ. ಒಳಗೆ ಬಂದವಳು ಪೆನ್ನು, ಕಾಗದ ತೆಗೆದುಕೊಂಡು ನನ್ನೆದುರು ಕುಳಿತಳು.

"ಯಾವ ಮಾರುತಿ, ಕಾಕಾ? ಗದಾ ಹಿಡಿದದ್ದೋ, ಗುಡ್ಡಾ ಹೊತ್ತದ್ದೋ?"

"ಗುಡ್ಡಾ."

"ಮಾರಿ ಯಾ ಕಡೆ ಮಾಡಿ ಇಟ್ಟೀರಿ?"

"ಮುಂದಕ್ಕ. ದಾರಿ ಕಾಣಬೇಕಲ್ಲ."

ಸಮದ ಬಾಯಿ ತೆರೆದ. ಮೇಡಂ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಇದೇ ಅಚ್ಚಿನ ಇನ್ನೊಂದು ಡಬ್ಬಿ ನಮ್ಮ ವರ್ಕ್‌ಶಾಪಿನಲ್ಲೇ ಉಳಿದಿದೆ. ಅದರಲ್ಲಿ ಅದೇ ಜಾಗಕ್ಕೆ ಅಂಥದ್ದೇ ಮಾರುತಿಯನ್ನು ಕೂರಿಸಿ, ಯಾವ ದಿಕ್ಕಿಗೆ ದಿಕ್ಸೂಚಿ ಎಷ್ಟು ತಪ್ಪು ಹೇಳುತ್ತದೆ ಎಂದು ಅಳೆದರೆ, ಆ ತಪ್ಪನ್ನು ಕಳೆದು ನಡೆ ಎಂದು ಇಲ್ಲಿಂದಲೇ ಡಬ್ಬಿಗೆ ಹೇಳಬಹುದಂತೆ. ಆದರೆ ಮಾರುತಿಯ ಅಯಸ್ಕಾಂತ ಅಷ್ಟೇ ಜೋರಿನದಾಗಿರಬೇಕು. ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು.

"ನಂದು ಹದಿನೇಳು ನಂಬರಿನ ಪಾನಾ ಹಿಡೀತಿತ್ತು. ಹತ್ತೊಂಬತ್ತರದ್ದು ಬೀಳ್ತಿತ್ತು" ಎಂದೆ. ಒಂಬತ್ತು ವರ್ಷ ನಾನು ಪಾನಾಗಳನ್ನು ಅವನ ಬೆನ್ನಿಗೇ ಅಂಟಿಸಿಡುತ್ತಿದ್ದೆ.

ಮೇಡಂ ಎಷ್ಟೋ ದಿನದ ಮೇಲೆ ನಕ್ಕಳು. ಸಮದ ಮಾತ್ರ ಹೊರಗೆ ಬಂದು ನನ್ನ ಹೆಗಲು ಹಿಡಿದ. "ಹೇಳಿದೆಲ್ಲ, ಬಿಡು" ಎಂದ. ಡಂಗುರ ಸಾರಲಿಲ್ಲ.

ಡಿಸೆಂಬರ್ ೨೫

ಕಾಲೇಜಿಗೆ ರಜೆ. ನಂದಗಡದಲ್ಲಿ ಸಂತೆ. ಮಾರುತಿಯನ್ನು ನಾನು ಕೊಂಡದ್ದು ಅಲ್ಲಿಯೇ, ಬಳೆ, ಕನ್ನಡಿ, ದೇವರು ಮಾರುವ ಒಬ್ಬ ಮುದುಕಿಯ ಬಳಿ. ಮೂವರೂ ಹೋದೆವು. ಮುದುಕಿ ಅದೇ ಜಾಗದಲ್ಲಿ ಕುಳಿತಿದ್ದಳು.

ನಾನು ಚೀಲದಿಂದ ಹದಿನೇಳರ ಪಾನಾ, ಹತ್ತೊಂಬತ್ತರ ಪಾನಾ ತೆಗೆದು ಒಂದೊಂದೇ ಮಾರುತಿಗೆ ಅಂಟಿಸಿ ಎತ್ತತೊಡಗಿದೆ. ಮೇಡಂ ದಿಕ್ಸೂಚಿ ಹಿಡಿದು ಬರೆದುಕೊಂಡಳು. ಸಮದ "ಇದು ಫೇಲ್, ಇದೂ ಫೇಲ್" ಎಂದು ಬೇರೆ ಬೇರೆ ಸಾಲಿನಲ್ಲಿ ಇಟ್ಟ. ಹತ್ತು ನಿಮಿಷದಲ್ಲಿ ಜನ ಸೇರಿದರು.

"ಏನ್ ನೋಡಾಕತ್ತೀರಿ?" ಎಂದ ಹಸಿಮೆಣಸಿನಕಾಯಿ ಮಾರುವವನು.

"ಶಕ್ತಿ" ಎಂದೆ. ನಿಜವನ್ನೇ ಹೇಳಿದೆ.

ಅಷ್ಟೇ. ಫೇಲಾದ ಸಾಲಿನ ಮಾರುತಿಗಳನ್ನು ಯಾರೂ ಕೇಳಲಿಲ್ಲ. ಒಬ್ಬಾಕೆ ತನ್ನ ಮನೆಯ ಗಣಪತಿಯನ್ನೇ ತಂದು, "ಇದನ್ನೂ ನೋಡಿ ಕೊಡ್ರಿ ಸಾಹೇಬ್ರ, ಮಗನ ಪರೀಕ್ಷಾ ಐತಿ" ಎಂದಳು. ಅವಳದು ಹಿತ್ತಾಳೆಯ ಗಣಪತಿ, ಪಾನಾ ಅಂಟಲಿಲ್ಲ. ಆಕೆಯ ಮುಖ ಸಣ್ಣದಾಯಿತು. ಹಿತ್ತಾಳೆಯವರದ್ದು ಬೇರೆ ಲೆಕ್ಕ, ಅವರು ಓದಿಗೆ ಒಳ್ಳೆಯವರು ಎಂದು ಸಮದನೇ ಸಮಾಧಾನ ಮಾಡಿದ. ಇಪ್ಪತ್ತಮೂರನೆಯ ಮಾರುತಿ ಹದಿನೇಳನ್ನು ಹಿಡಿದ, ಹತ್ತೊಂಬತ್ತನ್ನು ಬಿಟ್ಟ. ನಾವು ಹೊರಡುವಾಗ ಮುದುಕಿ ನನ್ನ ಕೈ ಹಿಡಿದು, ಆ ಪಾನಾ ಇಲ್ಲಿಯೇ ಬಿಟ್ಟು ಹೋಗಲು ಆಗುತ್ತದೆಯೇ ಎಂದು ಕೇಳಿದಳು.

ಡಿಸೆಂಬರ್ ೨೮

ಅಳತೆ ಮುಗಿಯಿತು. ಪಶ್ಚಿಮಕ್ಕೆ ಮುಖ ಮಾಡಿದಾಗ ತಪ್ಪು ಎಪ್ಪತ್ತಾರು ಡಿಗ್ರಿ. ಮಧ್ಯಾಹ್ನ ಸಂದೇಶ ಕಳಿಸಿದರು. ಡಬ್ಬಿ ಕಣ್ಣೂರಿನ ಎದುರು ಇದೆ.

ಡಿಸೆಂಬರ್ ೨೯

ತಿರುಗಿತು! ಹನ್ನೆರಡು ಗಂಟೆಯ ಚುಕ್ಕೆ ಪಶ್ಚಿಮಕ್ಕೆ ಬಿತ್ತು. ನಾನು ವರ್ಕ್‌ಶಾಪಿನಲ್ಲಿ ಕೂಗಿದ ಕೂಗಿಗೆ ಮೇಲಿನ ಲೈಬ್ರರಿಯಿಂದ ಜವಾನ ಓಡಿ ಬಂದ, ಯಾರಿಗೋ ಬೆರಳು ಹೋಯಿತು ಎಂದುಕೊಂಡು. ತಿಂಗಳೆಲ್ಲ ಕೆಟ್ಟಿದ್ದ ನನ್ನ ಗಂಟಲು ಸರಿಯಾಗಿದೆಯೋ ಎಂದು ನೋಡಲು ಕೂಗಿದೆ ಎಂದೆ.

ಜನವರಿ ೭

ಲಕ್ಷದ್ವೀಪ ದಾರಿಗೆ ಅಡ್ಡ ಇದೆ. ಸ್ವಲ್ಪ ಬಲಕ್ಕೆ ಹೋಗಲು ಹೇಳಬೇಕು ಎಂದು ನಾನು, ಬೇಡ ಗಾಳಿ ಸಾಲದು ಎಂದು ರೂಪಾಲಿ. ನಾನು ದನಿ ಏರಿಸಿದೆ. ಆಕೆಯೂ ಏರಿಸಿದಳು. ಕೊನೆಗೆ ಡಬ್ಬಿಗೆ ಬಲಕ್ಕೆ ಹೋಗಲು ಹೇಳಿದಳು.

ಜನವರಿ ೧೮

ಒಂದು ದೊಡ್ಡ ಹಡಗು ನಮ್ಮ ಡಬ್ಬಿಯ ದಾರಿಯಲ್ಲೇ ಬರುತ್ತಿತ್ತು. ಹಡಗುಗಳೂ ನಕ್ಷೆಯಲ್ಲಿ ಕಾಣುತ್ತವೆ. ನಾಲ್ಕು ಗಂಟೆ ಕಾಯಬೇಕು, ಆಮೇಲೆ ಗೊತ್ತಾಗುತ್ತದೆ. ಮಾಯಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಲಿಲ್ಲ. ಸಮದ ಅಂಗಡಿ ಮುಚ್ಚಿ ಬಂದು ನನ್ನ ಪಕ್ಕದಲ್ಲಿ ಕುಳಿತ. ಇಬ್ಬರೂ ಜಗಳ ಆಡಲಿಲ್ಲ.

ನಾಲ್ಕಕ್ಕೆ ಚುಕ್ಕೆ ಬಿತ್ತು, ಹಡಗಿನ ಆಚೆ. ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ಫೆಬ್ರವರಿ ೩

ಡಾಕ್ಟರು ಬಿಪಿ ನೋಡಿ, ೧೨೮/೮೨, ಏನು ಮಾಡಿದಿರಿ ಎಂದರು. ಏನೂ ಇಲ್ಲ, ಉಪ್ಪಿನಕಾಯಿ ಬಿಟ್ಟೆ ಎಂದೆ. ಬಿಟ್ಟಿಲ್ಲ. ಈ ಪುಸ್ತಕದಲ್ಲಿ ಬಿಪಿ ಬರೆಯದೆ ಬಹಳ ದಿನವಾಯಿತಲ್ಲ ಎಂದು ಈಗ ನೋಡುತ್ತಿದ್ದೇನೆ. ಮರೆತಿದ್ದೆ.

ಆಕೆ ಅರ್ಧಕ್ಕಿಂತ ಹೆಚ್ಚು ದಾರಿ ದಾಟಿದ್ದಾಳೆ.

ಫೆಬ್ರವರಿ ೧೧

"ದಿನಾ ಹಿಂಗ ಉಬ್ಬತೀಯಲ್ಲ, ಆಕಿ ಮುಟ್ಟಿದ್ರ ನಿನ್ನ ಮೀಸಿ ಹೋಗತೈತಿ, ನೆನಪೈತಿಲ್ಲೋ?" ಎಂದ ಸಮದ.

ನೆನಪಿರಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಬೆರಳಿನಿಂದ ಮೀಸೆ ಮುಚ್ಚಿ ನೋಡಿದೆ. ಬೆರಳಷ್ಟೇ ಕಂಡಿತು.

ಫೆಬ್ರವರಿ ೨೦

ನಿನ್ನೆ ಬೆಳಿಗ್ಗೆ ದಂಡೆ ನೂರಾ ಎಂಬತ್ತು ಕಿಲೋಮೀಟರ್ ದೂರವಿತ್ತು. ಬ್ಯಾಟರಿ ಇಳಿಯುತ್ತಿದೆ ಎಂದು ಆಕೆ ಸಂದೇಶ ಕಳಿಸಿದಳು. ಆಮೇಲೆ ಚುಕ್ಕೆ ಬಿದ್ದಿಲ್ಲ.

ಫೆಬ್ರವರಿ ೨೧

ಇಲ್ಲ.

ಫೆಬ್ರವರಿ ೨೨

ಇಲ್ಲ.

ಫೆಬ್ರವರಿ ೨೫

ಪ್ರಿನ್ಸಿಪಾಲರು ಬಂದರು. ಆರು ದಿನ ಸುದ್ದಿ ಇಲ್ಲವೆಂದರೆ ಮುಳುಗಿದೆ ಎಂದೇ ಅರ್ಥ, ಯೋಜನೆ ಮುಗಿಯಿತು ಎಂದು ವರದಿ ಬರೆಯಲು ರೂಪಾಲಿಗೆ ಹೇಳಿದರು. ನನ್ನ ಕಡೆ ತಿರುಗಿ, "ಫೋರ್ಮನ್ನರ, ನಿಮ್ಮ ಡ್ರಿಲ್ಲಿಂಗ್ ಮಷೀನು ಮತ್ತ ಕಿಟಕಿ ಬಾಜೂಕ ತಗೋರಿ" ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

"ಅದು ಮೂಲ್ಯಾಗ ಛಲೋ ಐತ್ರಿ. ಅಲ್ಲೆ ಇರ್ಲಿ" ಎಂದೆ.

ಅವರು ಹೋದ ಮೇಲೆ ಸಮದ ಮೆಲ್ಲಗೆ, "ನೀ ಗೆದ್ದಿ ನೋಡಪಾ. ಮೀಸಿ ಉಳೀತು" ಎಂದ. ಅವನ ಮುಖ ನೋಡಿದರೆ ಯಾರೋ ಅವನ ಹೊಲಿಗೆ ಯಂತ್ರ ಒಯ್ದಂತಿತ್ತು. ರೂಪಾಲಿ ಖಾಲಿ ನಕ್ಷೆಯ ಮುಂದೆ ಕುಳಿತಿದ್ದಳು. ವರದಿಯ ಮೊದಲ ಸಾಲು ಬರೆದು, ಅಳಿಸಿ, ಮತ್ತೆ ಬರೆಯುತ್ತಿದ್ದಳು. ನನಗೆ ಬಹಳ ಸಂಕಟವಾಯಿತು.

ಫೆಬ್ರವರಿ ೨೭

ಬೆಳಿಗ್ಗೆ ಎದ್ದು ನೆಟ್ಟಗೆ ಪೀರನವಾಡಿಯ ಕಲ್ಮೇಶನ ಸಲೂನಿಗೆ ಹೋದೆ. ಬೋಳಿಸು ಎಂದೆ. ಗಡ್ಡವೇ ಎಂದ. ಮೀಸೆ ಎಂದೆ. ಅವನು ಕತ್ತರಿ ಕೆಳಗಿಟ್ಟು, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರಲ್ಲ ಎಂದು ಕೇಳಿದ. ಎಲ್ಲರೂ ಆರಾಮ ಎಂದ ಮೇಲೂ ಅವನ ಕೈ ಓಡಲಿಲ್ಲ. ನಾನೇ ಕತ್ತರಿ ತೆಗೆದುಕೊಂಡು ಎಡಗಡೆಯ ತುದಿ ಕತ್ತರಿಸಿದೆ. ಉಳಿದದ್ದನ್ನು ಅವನು ಮಾಡಿದ, ಕಣ್ಣಲ್ಲಿ ನೀರು ತಂದುಕೊಂಡು.

ಮಾಯಕ್ಕ ಬಾಗಿಲು ತೆರೆದು, ಯಾರು ಬೇಕು ಎನ್ನುವಂತೆ ನೋಡಿದಳು. ಆಮೇಲೆ ಹತ್ತಿರ ಬಂದು ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿದಳು.

"ಇಷ್ಟ ಸಣ್ಣ ಬಾಯಿ ಐತೇನ್ರಿ ನಿಮ್ದು? ಇದ್ರಾಗ ಅಷ್ಟೊಂದು ಮಾತು ಹೆಂಗ ಬರ್ತಾವ?"

ವರ್ಕ್‌ಶಾಪಿಗೆ ಹೋದೆ. ಸಮದ ನೋಡಿದವನೇ ಸಿಟ್ಟಿಗೆದ್ದ.

"ಹುಚ್ಚ ಹಿಡಿದೈತೇನಲೇ? ಆಕಿ ಮುಟ್ಟಿಲ್ಲ ಇನ್ನಾ!"

"ಮುಟ್ಟಿರ್ತಾಳ. ಹೇಳಾಕ ಆಕಿಗೆ ಬಾಯಿಲ್ಲ, ಅಷ್ಟ" ಎಂದೆ. ರೂಪಾಲಿಯ ಕಡೆ ತಿರುಗಿದೆ. "ಆ ವರದಿ ಬರೀಬ್ಯಾಡ ಮಗಳ. ನಿನ್ನ ಲೆಕ್ಕಾ ಬರೋಬ್ಬರಿ ಐತಿ, ಇವನ ಹೊಲಿಗಿ ಗಟ್ಟಿ ಐತಿ, ಗುಂಡ ನಾ ಮಾಡೇನಿ. ಮುಳುಗಾಕ ಏನ ಕಾರಣ ಐತಿ ಆಕಿಗೆ?"

ರೂಪಾಲಿ ನನ್ನ ಬೋಳು ಮುಖವನ್ನೇ ನೋಡುತ್ತ ಕುಳಿತಳು. ಅಳು ಬಂತು, ಅದರ ಜೊತೆಗೇ ನಗುವೂ ಬಂತು, ಎರಡನ್ನೂ ಒಟ್ಟಿಗೆ ಮುಗಿಸಿದಳು. ಕಾಗದ ಹರಿದು ಬುಟ್ಟಿಗೆ ಹಾಕಿದಳು.

ಮಾರ್ಚ್ ೯

ಮುಟ್ಟಿದ್ದಾಳೆ.

ಬೆಳಿಗ್ಗೆ ಹತ್ತಕ್ಕೆ ರೂಪಾಲಿಯ ಫೋನಿಗೆ ಒಮಾನದಿಂದ ಕರೆ ಬಂತು. ಒಬ್ಬ ಮೀನುಗಾರನಿಗೆ ದಂಡೆಯ ಮೇಲೆ ಆಕೆ ಸಿಕ್ಕಿದ್ದಾಳೆ. ಮೈಮೇಲೆ ಬರೆದಿದ್ದ ನಂಬರನ್ನು ಅವನು ಪಟ್ಟಣಕ್ಕೆ ಹೋದಾಗ ಕಿರಾಣಿ ಅಂಗಡಿಯ ಮಲಯಾಳಿಗೆ ತೋರಿಸಿ ಫೋನ್ ಮಾಡಿಸಿದ. ಫೋಟೋ ಕಳಿಸಿದ್ದಾನೆ. ಮೈತುಂಬ ಚಿಪ್ಪು ಹತ್ತಿದೆ, ಸೋಲಾರ್ ಪ್ಲೇಟಿನ ಮೇಲೆ ಒಂದು ಬೆರಳು ದಪ್ಪ ಹಕ್ಕಿಯ ಹಿಕ್ಕೆ. ಬ್ಯಾಟರಿ ಸತ್ತದ್ದು ಅದಕ್ಕೇ. ಹಾಯಿಯ ಮೇಲಂಚನ್ನು ಮೀನುಗಾರನ ಆಡುಗಳು ತಿಂದಿವೆ. ಕುರಿ, ಆಡು ಕಾಯ್ದ ಮನೆತನ ನಮ್ಮದು, ಆಡು ತಿನ್ನದ ವಸ್ತು ನಾನು ಕಂಡಿಲ್ಲ. ಸಮದ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿ, "ಬಟ್ಟಿ ತಿಂದಾವ. ಹೊಲಿಗಿ ಬಿಚ್ಚಾಕ ಆಗಿಲ್ಲ ನೋಡ್ರಿ!" ಎಂದು ಕಾಲೇಜೆಲ್ಲ ತೋರಿಸಿಕೊಂಡು ಬಂದ.

ಕ್ಯಾಂಟೀನಿನವರು ಎಲ್ಲರಿಗೂ ಭಜಿ ಹಂಚಿದರು. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ, "ಫೋರ್ಮನ್ನರ, ಮುಟ್ಟೂಕಿಂತ ಮೊದಲ ಬೋಳಿಸಿ ಕುಂತಿದ್ರಿ! ಅಂಥಾ ನಂಬಿಗಿ ಎಲ್ಲಿಂದ ಬಂತ್ರಿ?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿದೆ.

ಮಧ್ಯಾಹ್ನ ರೂಪಾಲಿ ಮೊದಲ ಫೋಟೋ ತೆಗೆದ ತಾರೀಖು ತೋರಿಸಿದಳು. ಮೀನುಗಾರ ಆಕೆಯನ್ನು ಮರಳಿನ ಮೇಲೆ ಕಂಡದ್ದು ಫೆಬ್ರವರಿ ಇಪ್ಪತ್ತನಾಲ್ಕು. ನಾನು ಬೋಳಿಸಿಕೊಂಡದ್ದು ಇಪ್ಪತ್ತೇಳು. ಆಕೆ ಅಷ್ಟು ದೂರ ಒಬ್ಬಳೇ ಹೋಗಿ ಬಿಸಿಲಲ್ಲಿ ಬಿದ್ದಿದ್ದರೆ, ನಾನು ಇಲ್ಲಿ ಮೂರು ದಿನ ಮೀಸೆ ಇಟ್ಟುಕೊಂಡೇ ತಿರುಗಾಡಿದ್ದೇನೆ. ಯಾರಿಗೂ ಹೇಳಿಲ್ಲ. ಬಹಳ ನಾಚಿಕೆಯಾಗಿದೆ.